ಗದ್ದದ ಮೇಲಿನ ಮೂರು ಚುಕ್ಕಿ

ಪಾಸ್‌ಪೋರ್ಟ್ ಅಳತೆಯ ಎಂಟು ಫೋಟೊಕ್ಕೆ ಮೂವತ್ತು ರೂಪಾಯಿ. ಹರಿದ ಹಳೆಯ ಫೋಟೊ ಹೊಸದು ಮಾಡಿಕೊಡಲು ನೂರು. ಗುಂಪಿನಿಂದ ಒಬ್ಬರನ್ನು ಬಿಡಿಸಿ ದೊಡ್ಡದು ಮಾಡಲು ನೂರೈವತ್ತು. ಸತ್ತವರ ಮುಚ್ಚಿದ ಕಣ್ಣು ತೆರೆಸಬೇಕಿದ್ದರೆ ಅದರ ಮೇಲೆ ಐವತ್ತು. ಗಂಗಾವತಿಯ ಬಸ್ ನಿಲ್ದಾಣದ ಹತ್ತಿರದ ತನ್ನ ಸ್ಟುಡಿಯೋದಲ್ಲಿ ಇಬ್ರಾಹಿಂಸಾಬ ಈ ಬೋರ್ಡನ್ನು ತಾನೇ ಬರೆದು ತೂಗುಹಾಕಿದ್ದ. ಓದಲು ಬಾರದ ಮಾರೆವ್ವ ಅದರ ಕೆಳಗೇ ನಿಂತು ಕೇಳಿದಳು.

"ಇದರಾಗಿನ ಒಬ್ಬಾಕಿನ್ನ ದೊಡ್ಡಾಕಿ ಮಾಡಿ ಕೊಡ್ತೀರೇನ್ರಿ?"

"ದೊಡ್ಡಾಕಿನ್ನ ಮಾಡಾದು ದೇವರ ಕೆಲಸ ಬೇ. ನಾವು ಬರೇ ಫೋಟೊ ದೊಡ್ಡದು ಮಾಡ್ತೀವಿ," ಅಂದ ಇಬ್ರಾಹಿಂಸಾಬ. ಮಾರೆವ್ವ ನಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಮದುವೆಯ ಫೋಟೊ ಒಂದನ್ನು ತೆಗೆದಳು. ಮದುಮಕ್ಕಳ ಹಿಂದೆ, ಕೊನೆಯ ಸಾಲಿನ ತುದಿಗೆ, ಅಕ್ಕಿಕಾಳಿನ ತಾಟು ಹಿಡಿದ ಹುಡುಗಿ. ಅವಳ ಮುಖ ಕಡಲೆಕಾಳಿನಷ್ಟಿತ್ತು.

"ನನ್ನ ಮಗಳ್ರಿ, ಅಮರಮ್ಮ. ಸಿದ್ದಾಪುರದ ಕಡೆ ನಾಟಿ ಹಚ್ಚಾಕ ಬಂದಾಕಿ ತಿರುಗಿ ಬಂದಿಲ್ಲ. ಕೂಲಿಗೆ ಕರಕೊಂಡು ಬಂದ ಮೇಸ್ತ್ರಿ ಅಂತಾನ, ಯಾರ ಜೋಡಿನೋ ಓಡಿ ಹೋಗ್ಯಾಳ ಅಂತ. ಕುಷ್ಟಗಿ ಕಡೆ ನಮ್ಮೂರಾಗೂ ಈಗ ಅದ ಮಾತು. ಅನ್ನಲಿ ಬಿಡ್ರಿ. ಓಡಿ ಹೋಗಿದ್ರ ಜೀವಂತ ಇರ್ತಾಳಲ್ಲ. ಬಸ್ ಸ್ಟ್ಯಾಂಡಿಗೊಂದು ಫೋಟೊ ಹಚ್ಚಿ ಹುಡುಕ್ತೀನಿ."

ಇಬ್ರಾಹಿಂಸಾಬ ಆಕೆಗೆ ಸ್ಟೂಲು ಸರಿಸಿ, ಫೋಟೊವನ್ನು ಒಳಗೆ ಕಂಪ್ಯೂಟರಿನ ಮುಂದಿದ್ದ ಹೇಮಾಳ ಕೈಗೆ ಕೊಟ್ಟ.

ಹೇಮಾ ಕಂಪ್ಯೂಟರ್ ಕೋರ್ಸ್ ಮುಗಿಸಿ ಹಿಂದಿನ ದಸರೆಗೆ ಕೆಲಸಕ್ಕೆ ಸೇರಿದವಳು. ರೀಲಿನ ಕಾಲದ ಇಬ್ರಾಹಿಂಸಾಬನಿಗೆ ಅವಳೇ ಈ ಹೊಸ ವಿದ್ಯೆಯ ಮೊದಲ ಪಾಠ ಹೇಳಿದ್ದಳು. ಯಂತ್ರಕ್ಕೆ ಮುಖ ಎಂದರೇನೆಂದು ಗೊತ್ತಿಲ್ಲ. ಅದಕ್ಕೆ ಕಾಣುವುದು ಹೊಲದ ಮಡಿಗಳ ಹಾಗೆ ಸಾಲಾಗಿ ಕೂತ ಸಣ್ಣ ಚೌಕಗಳು. ಒಂದೊಂದಕ್ಕೂ ಅಂಕಿ. ಕಡುಗಪ್ಪಿಗೆ ಸೊನ್ನೆ, ಅಚ್ಚ ಬಿಳುಪಿಗೆ ಇನ್ನೂರ ಐವತ್ತೈದು. ಸುತ್ತಲಿನ ಚೌಕಗಳಿಗಿಂತ ತೀರ ಬೇರೆಯಾದ ಅಂಕಿ ಕಂಡರೆ ಅದನ್ನು ಧೂಳು ಎಂದು ತಿಳಿದು, ನೆರೆಯವುಗಳ ಅಂಕಿಯನ್ನೇ ಅದಕ್ಕೂ ಕೊಡುತ್ತದೆ. ಕಲೆ ಮಾಯ.

"ಹಂಗಾರ ನಿನ್ನ ಮಿಶನ್ನು ನಮ್ಮೋಣಿ ಮಂದಿ ಹಂಗ ಬಿಡು," ಅಂದಿದ್ದ ಇಬ್ರಾಹಿಂಸಾಬ. "ಒಬ್ರು ಬ್ಯಾರೆ ಇದ್ರ ತಡಕೊಳ್ಳಾಂಗಿಲ್ಲ."

ಈಗ ಅಮರಮ್ಮನ ಮುಖ ಪರದೆಯ ತುಂಬ ಹರಡಿತು. ದೊಡ್ಡದಾದಷ್ಟೂ ಅದು ಒಡೆದು ಚೌಕಗಳಾಯಿತು. ಹೇಮಾ ಬೆಳಕು ಏರಿಸಿದಳು, ಕಪ್ಪು ಬಿಳುಪಿನ ಅಂತರ ಹಿಗ್ಗಿಸಿದಳು, ಅಂಚು ಚೂಪು ಮಾಡಿದಳು. ಹಳೆಯ ಫೋಟೊದ ಮೇಲಿದ್ದ ಧೂಳಿನ ಚುಕ್ಕಿಗಳೂ ಎದ್ದು ಕಂಡವು. ರೂಢಿಯಂತೆ ಕಲೆ ತೆಗೆಯುವ ಗುಂಡಿ ಒತ್ತಿದಳು. ಮುಖ ಬೆಣ್ಣೆ ಸವರಿದಂತೆ ನುಣ್ಣಗಾಯಿತು.

ಬಾಗಿಲಲ್ಲಿ ಬಂದು ನಿಂತಿದ್ದ ಮಾರೆವ್ವ ಕೂಗಿದಳು. "ಅಯ್ಯ, ಅಳಸಬ್ಯಾಡ ಬೇ! ಹಚ್ಚಿ ಅಳಸಬ್ಯಾಡ!"

"ಯಾವ ಹಚ್ಚಿ?"

"ಗದ್ದದ ಮ್ಯಾಲಿನ ಮೂರು ಚುಕ್ಕಿ. ಈಗ ಇತ್ತು, ಈಗ ಇಲ್ಲ."

ಹೇಮಾ ಕೊನೆಗೆ ಮಾಡಿದ್ದನ್ನು ರದ್ದು ಮಾಡಿದಳು. ಗದ್ದದ ಮೇಲೆ ಮೂರು ಮಸಕು ಚುಕ್ಕಿಗಳು ಒಲೆಯ ಮೂರು ಗುಂಡುಗಳ ಹಾಗೆ ಮರಳಿ ಬಂದವು.

"ಇದು ಧೂಳು ಅಂತ ತಿಳದಿದ್ದೆ," ಅಂದಳು.

"ಧೂಳಂತ ಧೂಳು! ಹಚ್ಚಿ ಹಾಕೂ ಕೊರವರಾಕಿ ಸೂಜಿ ಹಿಡದಾಗ ಊರ ಕೇಳಂಗ ಅತ್ತಿದ್ಲು. ನಾನ ಗಟ್ಟಿ ಹಿಡದು ಕುಂದ್ರಿಸಿದ್ದೆ. ಬೆಳ್ಳಿ ಬಂಗಾರ ಇಲ್ಲೇ ಉಳೀತಾವು, ಸತ್ತಾಗ ಜೋಡಿ ಬರಾದು ಹಚ್ಚಿ ಒಂದ ಅಂತ ಹೇಳಿ." ಮಾರೆವ್ವ ಮೊದಲ ಸಲ ಸ್ವಲ್ಪ ನಕ್ಕಳು. "ಅದ ನನ್ನ ಜೀವ ಉಳಿಸೇತಿ ನೋಡವ್ವ. ಮೊನ್ನೆ ಇಲ್ಲೇ ಬಸ್ ಸ್ಟ್ಯಾಂಡಿನ್ಯಾಗ ಪೊಲೀಸರು ಒಂದು ಹೆಣದ ಫೋಟೊ ಹಚ್ಚಿದ್ರು. ಮೂಗು, ಹಣಿ ನಮ್ಮಾಕಿದ ಹಂಗ ಇತ್ತು. ಎದಿ ಒಡದು ಹೋತು. ಆಮ್ಯಾಲೆ ಗದ್ದ ನೋಡಿದೆ. ಚುಕ್ಕಿ ಇಲ್ಲ! ಪೊಲೀಸಪ್ಪ ಕೇಳಿದ, ಹೆಣ ಒಂದು ಸಲ ನೋಡ್ತಿ ಏನು ಅಂತ. ನಮ್ಮಾಕಿ ಅಲ್ಲದಾಕಿನ್ನ ನಾ ಯಾಕ ನೋಡ್ಲಿ ಅಂದೆ. ದೇವರಿಗೆ ಕಾಯಿ ಒಡಸಿ ಊರಿಗೆ ಹೋದೆ."

ಹೇಮಾಳ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಇಬ್ರಾಹಿಂಸಾಬ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸತೊಡಗಿದ.

ಆ ಫೋಟೊ ಇದೇ ಕಂಪ್ಯೂಟರಿನಲ್ಲಿ ತಯಾರಾಗಿತ್ತು. ಸಿದ್ದಾಪುರದ ಹತ್ತಿರ ಕಾಲುವೆಯ ತೂಬಿಗೆ ಸಿಕ್ಕಿಕೊಂಡ ಹೆಣ. ಮೈಮೇಲೆ ಲಂಗ ಬಿಟ್ಟು ಗುರುತಿಗೆ ಏನೂ ಇರಲಿಲ್ಲ. ಒಬ್ಬ ಪೇದೆ ಕ್ಯಾಮೆರಾ ತಂದು, "ಮುಖದ ತುಂಬ ರಾಡಿ ಐತಿ. ಮಂದಿ ನೋಡುವಂಗ ಸ್ವಚ್ಛ ಮಾಡಿ ಕೊಡವ್ವ, ಹೆಣ್ಮಕ್ಕಳು ಹೆದರ್ತಾರ," ಅಂದಿದ್ದ. ಹೇಮಾ ಮನಸ್ಸಿಟ್ಟು ಸ್ವಚ್ಛ ಮಾಡಿದ್ದಳು. ಪೇದೆ ಹೊಗಳಿ ಹೋಗಿದ್ದ. ಯಾರೂ ಬರದಿದ್ದಾಗ ಹೆಣವನ್ನು ಊರಾಚೆಯ ಗುಡ್ಡದ ಬುಡದಲ್ಲಿ ಮಣ್ಣು ಮಾಡಿದ ಸುದ್ದಿಯನ್ನೂ ಅವನೇ ತಂದಿದ್ದ.

"ಚಹಾ ಕುಡಿ ಬೇ, ಹೊರಗ ಕುಂದ್ರು," ಎಂದು ಇಬ್ರಾಹಿಂಸಾಬ ಆಕೆಯನ್ನು ಕಳಿಸಿ ಬಂದ. ಹೇಮಾ ಅಷ್ಟರಲ್ಲಿ ಪೇದೆಯ ಕ್ಯಾಮೆರಾದಿಂದ ಇಳಿಸಿಕೊಂಡಿದ್ದ ಮೂಲ ಚಿತ್ರವನ್ನು ತೆರೆದಿದ್ದಳು. ಊದಿದ ಮುಖ, ರಾಡಿಯ ಹನಿಗಳು. ಗದ್ದದ ಹತ್ತಿರ ದೊಡ್ಡದು ಮಾಡಿದಳು. ರಾಡಿ ಕಂದು ಬಣ್ಣದ್ದು, ಅಲ್ಲಲ್ಲಿ ಚೆದುರಿತ್ತು. ಮೂರು ಚುಕ್ಕಿ ಮಾತ್ರ ಹಸಿರು, ಒಲೆಯ ಗುಂಡುಗಳ ಹಾಗೆ ಕೂತಿದ್ದವು.

"ಹೇಳೂದು ಬ್ಯಾಡ ಅಂದ್ರ?" ಇಬ್ರಾಹಿಂಸಾಬನ ದನಿ ತಗ್ಗಿತ್ತು. "ಮಣ್ಣಾಗಿ ಹೋಗೇತಿ. ಹೇಳಿದ್ರ ಹೆಣ ಎದ್ದು ಬರತೈತೇನು? ಹುಡುಕ್ತೀನಿ ಅನ್ನೂ ಆಸೇದಾಗರ ಇರ್ತಾಳ."

"ಜೀವ ಇರೂತನ ಹುಡುಕ್ತಾಳ್ರಿ."

ಸಾವಿನ ಮನೆಗಳಿಗೆ ಕ್ಯಾಮೆರಾ ಹೊತ್ತು ಹೋಗಿ ಹೋಗಿ ಇಬ್ರಾಹಿಂಸಾಬನಿಗೆ ಒಂದು ಗೊತ್ತಿತ್ತು. ಹೆಣ ಕಂಡ ಮನೆಯವರು ಎಂದೋ ಒಂದು ದಿನ ಉಣ್ಣುತ್ತಾರೆ, ಕಾಣದ ಮನೆಯವರು ಉಂಡರೂ ಬಾಗಿಲ ಕಡೆ ನೋಡುತ್ತಲೇ ಇರುತ್ತಾರೆ. ಅವನೇ ಹೋಗಿ ಆಕೆಯನ್ನು ಕರೆದುಕೊಂಡು ಬಂದು, ಪರದೆಯನ್ನು ಆಕೆಯ ಕಡೆ ತಿರುಗಿಸಿದ.

ಮಾರೆವ್ವ ನೋಡಿದಳು. ಬೆರಳು ಚಾಚಿ ಒಂದೊಂದೇ ಚುಕ್ಕಿ ಮುಟ್ಟಿದಳು. ಪರದೆಯ ಗಾಜಿನ ಮೇಲಿನ ಕರೆಂಟು ಬೆರಳಿಗೆ ತಾಗಿ ಚಟಚಟ ಎಂದು ಸಣ್ಣಗೆ ಸದ್ದು ಮಾಡಿತು.

"ಬಸ್ ಸ್ಟ್ಯಾಂಡಿನ ಫೋಟೊದಾಗ ಇರಲಿಲ್ಲಲ್ಲ," ಅಂದಳು.

"ನಾನ ಅಳಸೀನ್ರಿ," ಅಂದಳು ಹೇಮಾ. "ರಾಡಿ ಅನಕೊಂಡು."

ಮಾರೆವ್ವ ಅವಳ ಮುಖವನ್ನು ದಿಟ್ಟಿಸಿದಳು. ಬೈಗುಳ ಬಾಯಿತನಕ ಬಂದು ನಿಂತದ್ದು ಕಾಣುತ್ತಿತ್ತು. "ಹೆಣ ನೋಡ್ತಿ ಏನು ಅಂದಾಗ ನಾನ ಒಲ್ಲೆ ಅಂದೆನಲ್ಲ," ಅಂದಳು ಕೊನೆಗೆ. "ಎಲ್ಲಿ ಹುಗದಾರ?"

ಇಬ್ರಾಹಿಂಸಾಬ ಹೇಳಿದ. ಗುರುತಿನ ಕಲ್ಲು ಇಲ್ಲ, ಅಲ್ಲಿ ಅಂಥ ಗುಂಡಿ ಬಹಳ ಇವೆ ಎಂಬುದನ್ನೂ ಮುಚ್ಚಿಡಲಿಲ್ಲ. ನಾಳೆ ಪೇದೆಯನ್ನು ಕರೆದುಕೊಂಡು ತಾನೇ ಜೊತೆಗೆ ಬರುವುದಾಗಿ ಹೇಳಿದ.

"ಇದನ್ನ ಕಾಗದದ ಮ್ಯಾಲೆ ಕೊಡ್ರಿ. ಊರಾಗ ತೋರಸ್ಬೇಕು."

"ಕಣ್ಣು ತೆರಸಿ ಕೊಡ್ಲೇನ್ರಿ?" ಹೇಮಾ ಕೇಳಿದಳು. "ರಾಡಿ...?"

"ಬ್ಯಾಡ. ಏನೂ ಮುಟ್ಟಬ್ಯಾಡ. ಮಲಗಿರ್ಲಿ."

ಪ್ರಿಂಟರ್ ಚಿತ್ರವನ್ನು ಗೆರೆ ಗೆರೆಯಾಗಿ ಹೊರಗೆ ಹಾಕಿತು. ಮೊದಲು ಹಣೆ, ಆಮೇಲೆ ಮುಚ್ಚಿದ ಕಣ್ಣು, ಮೂಗು, ಕೊನೆಗೆ ಗದ್ದ. ಮಸಿ ಇನ್ನೂ ಹಸಿಯಾಗಿತ್ತು. ಒರೆಸಿಹೋದೀತೆಂದು ಮಾರೆವ್ವ ಅದನ್ನು ಮಡಿಚದೆ ಎರಡೂ ಅಂಗೈ ಮೇಲೆ ಹಿಡಿದು, ಊದುತ್ತ ಬಸ್ ನಿಲ್ದಾಣದ ಕಡೆ ನಡೆದಳು. ಮಗಳ ಮೇಲೆ ಒಂದು ಹಿಡಿ ಮಣ್ಣು ಹಾಕುವುದು ಅವಳಿಗೆ ತಪ್ಪಿಹೋಗಿತ್ತು. ಮಗಳು ಯಾರ ಜೊತೆಗೂ ಓಡಿಹೋಗಿರಲಿಲ್ಲ ಎಂಬುದಕ್ಕೆ ಊರಿಗೆ ತೋರಿಸಲು ಸಾಕ್ಷಿ ಸಿಕ್ಕಿತ್ತು.