ಗೋಡೆಯ ಮೇಲೆ ಏಳು ಉಳಿ

ಆಲೆ ಮರದ ತುಂಡಿಗೆ ಹನ್ನೆರಡು ರೂಪಾಯಿ, ಅರಗಿನ ಬಣ್ಣಕ್ಕೆ ಆರು, ವಹಾಬನ ಕೈಗೆ ಮೂವತ್ತು, ರಟ್ಟಿನ ಪೆಟ್ಟಿಗೆಗೆ ಒಂಬತ್ತು, ಹಡಗಿಗೆ ಹದಿನೆಂಟು — ಕಿಟಕಿಯ ಬಿಸಿಲು ಗೋಡೆಯ ಉಳಿಗಳ ಮೇಲೆ ಸರಿಯುತ್ತಿದೆ, ಒಂದನೆಯದು ಆಗಲೇ ಮಿನುಗಿತು, ಇನ್ನು ಆರು — ಎಪ್ಪತ್ತೈದು ಆಯಿತಲ್ಲ, ಸರಕು ಕೊಳ್ಳುವ ಅಮೆರಿಕದಾಕೆ ಕೊಡುತ್ತಿದ್ದುದು ನೂರ ಹತ್ತು, ಹಸುಗೂಸಿನ ಕೈಗೊಂದು ಗಿಲಕಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು ಅಷ್ಟೇ, ಅದಕ್ಕೆ ಆ ದೇಶದ ಬಾಗಿಲಲ್ಲಿ ಐವತ್ತೈದು ರೂಪಾಯಿ ಸುಂಕ. ಸುಂಕ ಎಷ್ಟಾದರೂ ನಾನೇ ಕಟ್ಟುತ್ತೇನೆ ಎಂದು ನಟರಾಜು ತಾನಾಗಿ ಒಪ್ಪಿದ್ದ, ಒಪ್ಪಿದಾಗ ಅದು ಹನ್ನೊಂದು ರೂಪಾಯಿ, ಮಗಳು ರಮ್ಯಾ ಒಪ್ಪಂದದ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿ, ಅಪ್ಪ, ಇದು ಏರುದ್ರೆ ಏನ್ ಮಾಡ್ತೀಯ ಅಂತ ಕೇಳಿದ್ದಳು, ಏರಲ್ಲ ಕಣವ್ವ, ಅವ್ರೂ ನಮ್ಮೋರೂ ದೋಸ್ತ್‌ಗಳು, ಟಿವಿ ನೋಡಲ್ವಾ ನೀನು. ಎಂಟು ಸಾವಿರ ಗಿಲಕಿ, ಒಂದೊಂದಕ್ಕೂ ಇಪ್ಪತ್ತು ರೂಪಾಯಿ ನಷ್ಟ. ಅದು ಹೋಗಲಿ, ನಿನ್ನೆ ವಹಾಬ್ ಫೋನು ಮಾಡಿದ್ದ, ಅಣ್ಣ, ಇನ್ನು ಕೆಲ್ಸ ಇಲ್ವಲ್ಲ, ಬೆಳಗ್ಗೆ ಬಂದು ಉಳಿ ತಗೊಂಡೋಯ್ತೀನಿ. ಈ ಚನ್ನಪಟ್ಟಣದಲ್ಲಿ ಮರ ಕಡೆಯುವವನ ಉಳಿ ಅವನದೇ, ಹಳೇ ಅರವನ್ನು ಕಾಸಿ ಬಡಿದು ತನ್ನ ಕೈಗೆ ತಕ್ಕಂತೆ ಮಸೆದುಕೊಂಡದ್ದು, ಕೆಲಸಕ್ಕೆ ಸೇರಿದ ದಿನ ಮೊಳೆ ಹೊಡೆದು ತೂಗುಹಾಕುತ್ತಾನೆ, ಆಮೇಲೆ ಯಜಮಾನನೂ ಮುಟ್ಟುವುದಿಲ್ಲ, ಮಸೆಯುವುದಿದ್ದರೂ ಶೆಡ್ಡಿನೊಳಗೇ, ಬಾಗಿಲು ದಾಟಿಸುವುದು ಒಂದೇ ಸಲ, ಕೆಲಸ ಬಿಟ್ಟು ಹೋಗುವಾಗ. ಹೊಲ ತಮ್ಮನಿಗೆ ಬಿಟ್ಟು ಪೇಟೆಯಲ್ಲಿ ಈ ಶೆಡ್ಡು ಹಾಕಿದ ವರ್ಷ ಏಳು ಮೊಳೆ ಹೊಡೆದವನು ವಹಾಬ್, ಮೂವತ್ತು ವರ್ಷ, ಒಂದು ಮೊಳೆಯೂ ಅಲುಗಿಲ್ಲ. ಎರಡನೆಯ ಉಳಿಗೂ ಬಿಸಿಲು ಬಂತು. ಬಂದ ಕೂಡಲೇ ಹೇಳಿಬಿಡಬೇಕು, ತಪ್ಪು ನಂದೇ ಕಣೋ ವಹಾಬು, ಹೋಗಬ್ಯಾಡ, ಇಷ್ಟೇ ಮಾತು, ರಾತ್ರಿಯೆಲ್ಲ ಬಾಯಲ್ಲಿ ಹೊರಳಾಡಿಸಿದ್ದಾನೆ.

ಆದರೆ ಅಮೆರಿಕದ ಆ ಅಧ್ಯಕ್ಷನ ತಪ್ಪೇನು, ಈಗಲೂ ಹಾಗೇ ಅನ್ನಿಸುತ್ತದಲ್ಲ, ಅದೇ ಉರಿ. ಮನೆಗೊಬ್ಬ ಯಜಮಾನ ಬೇಕು, ಯಾರು ಒಳಗೆ ಯಾರು ಹೊರಗೆ ಅಂತ ಹೇಳುವ ಗಂಟಲು ಬೇಕು, ಹಿಂದಿದ್ದ ಮುದುಕ ಮೆಟ್ಟಿಲು ಹತ್ತುವಾಗಲೇ ಎಡವುತ್ತಿದ್ದ, ಇವನು ಬಂದು ನಮ್ಮ ದೇಶ ಮೊದಲು ಅಂದ, ನಟರಾಜು ಇಲ್ಲಿ ಓಟು ಹಾಕುತ್ತ ಬಂದದ್ದೂ ಅದೇ ಮಾತಿಗೆ. ಅವನೂ ನಮ್ಮ ನಾಯಕರೂ ಕೈಕೈ ಹಿಡಿದು ಮೈದಾನ ಸುತ್ತಿದ್ದನ್ನು ಟಿವಿಯಲ್ಲಿ ತೋರಿಸಿದಾಗ ಹೆಂಡತಿಯನ್ನು ಅಡುಗೆಮನೆಯಿಂದ ಕೂಗಿ ಕರೆದಿದ್ದ, ಅಂಬುಜಮ್ಮ ಸೌಟು ಹಿಡಿದೇ ಬಂದು ನೋಡಿ, ಅವ್ರ ಮನೆ ಸಂಭ್ರಮಕ್ಕೆ ನನ್ ಸಾರು ಸೀದೋಯ್ತು ಅಂದು ಒಳಗೆ ಹೋದಳು. ಅವನು ಎರಡನೇ ಸಲ ಗೆದ್ದ ದಿನ ವಹಾಬನ ಕೈಯಲ್ಲೇ ಒಂದು ಬೊಂಬೆ ಮಾಡಿಸಿದ, ಹಳದಿ ಕೂದಲು, ಕೆಂಪು ಟೋಪಿ, ಸಂಜೆಯೊಳಗೆ ಆಗಬೇಕು ಅಂತ ಅವಸರ, ಗಣಪತಿ ಫೋಟೋದ ಪಕ್ಕದ ಹಲಗೆಯ ಮೇಲೆ ಇಟ್ಟ, ವಹಾಬ್ ಕೈ ಒರೆಸಿಕೊಳ್ಳುತ್ತ, ಬಾಗ್ಲು ಹಾಕೋರ್ಗೆ ಚಪ್ಪಾಳೆ ಹೊಡಿತಿದೀರ, ನೀವು ಯಾವ ಕಡೆ ನಿಂತಿದೀರಿ ಒಸಿ ನೋಡ್ಕಳಿ ಅಣ್ಣ ಅಂದ, ಎಲ್ಲರೂ ನಕ್ಕರು, ನಟರಾಜುವೂ ನಕ್ಕ. ಆಮೇಲೆ ಅಲ್ಲಿಗೆ ಹೋಗಿದ್ದ ನಮ್ಮ ಹುಡುಗರ ಕಾಲಿಗೆ ಸರಪಳಿ ಹಾಕಿ ವಿಮಾನದಲ್ಲಿ ತಂದು ಇಳಿಸಿದರು, ಕೈಯಲ್ಲಿದ್ದ ಟೀ ಯಾಕೋ ಕಹಿ ಅನ್ನಿಸಿತು, ಆದರೂ ಹೇಳಿದ, ಕದ್ದು ನುಗ್ಗಿದೋರ್ನ ಇನ್ನೇನ್ ಆರ್ತಿ ಎತ್ತಿ ಕಳಿಸ್ತಾರಾ. ಸುಂಕದ ಬೆದರಿಕೆ ಬಂದಾಗಲೂ ಸಂತೆಯಲ್ಲಿ ಎಮ್ಮೆ ಮಾರುವವನಂತೆ ಕಂಡ, ಎತ್ತರದಲ್ಲಿ ಕೂಗಿ ಆಮೇಲೆ ಇಳಿಯುತ್ತಾನೆ, ನಾನೂ ಹಾಗೇ ತಾನೇ ವ್ಯಾಪಾರ ಮಾಡುವುದು. ಸರಕು ಜುಲೈನಲ್ಲೇ ತಯಾರಿತ್ತು, ವಹಾಬ್ ಪೆಟ್ಟಿಗೆಗಳನ್ನು ಬಾಗಿಲಿಗೆ ತಂದು ಜೋಡಿಸಿದ್ದ, ಅಣ್ಣ, ಕಳಿಸ್ಬುಡಿ, ಆ ಮನುಸ ಏನ್ ಮಾಡ್ತಾನೋ, ನಟರಾಜು ಅಂದ, ಆಷಾಢದಲ್ಲಿ ಯಾರಾದ್ರೂ ಮೊದಲ್ನೇ ಲೋಡು ಕಳಿಸ್ತಾರೇನ್ಲಾ. ಆಷಾಢ ಹೋಯಿತು, ಶ್ರಾವಣ ಬಂತು, ವರಮಹಾಲಕ್ಷ್ಮಿ ಆಗಲಿ ಅಂದ, ಅದೂ ಆಯಿತು, ಇಷ್ಟು ಕಾದಿದ್ದೀವಿ ಗಣಪತಿ ಕೂರಿಸಿ ಪೂಜೆ ಮಾಡೇ ಕಳಿಸೋಣ ಅಂದ, ಹಬ್ಬದ ದಿನ ಲಾರಿಗೆ ಕುಂಕುಮ ಹಚ್ಚಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟ, ಐವತ್ತೈದರ ಸುಂಕ ಏರಿಸಿ ಅವನು ಆ ಬಾಗಿಲು ಹಾಕಿದ್ದೂ ಅದೇ ದಿನ. ಮೈದಾನ ಸುತ್ತಿದ ನಮ್ಮವರು ಒಂದು ಫೋನು ಮಾಡಲಿಲ್ಲವೇ, ಮಾಡಿರಬಹುದು, ಟಿವಿಯವರು ಹೇಳಲಿಲ್ಲ, ಮುಂದಿನ ಸಲವೂ ನನ್ನ ಓಟು ಅಲ್ಲಿಗೇ, ಬೇರೆಲ್ಲಿಗೆ ಹಾಕಲಿ, ಅದನ್ನು ನೆನೆದರೇ ಬಾಯೆಲ್ಲ ಕಹಿ — ಬಿಸಿಲು ಐದನೆಯ ಉಳಿಗೆ ಬಂದಿದೆ, ಹೊರಗೆ ಸ್ಕೂಟರು ನಿಂತ ಸದ್ದು.

ವಹಾಬ್ ಚಪ್ಪಲಿ ಬಿಟ್ಟು ಒಳಗೆ ಬಂದ, ಕೈಯಲ್ಲೊಂದು ಗೋಣಿಚೀಲ, ಟೀ ತರಿಸ್ಲೇನೋ, ಬ್ಯಾಡ ಅಣ್ಣ, ಬಾಮೈದ ಕಾಯ್ತಾವ್ನೆ. ರಾಮನಗರದಲ್ಲಿ ಬಾಮೈದ ಶರೀಫನ ರೇಷ್ಮೆ ನೂಲು ತೆಗೆಯುವ ಮನೆಗೆ ಸೇರುತ್ತಾನಂತೆ, ಕುದಿಯುವ ನೀರಿನಲ್ಲಿ ಗೂಡು ಬೇಯುತ್ತವೆ, ಎಳೆ ಹುಡುಕಲು ದಿನವಿಡೀ ಬೆರಳು ಅದ್ದಬೇಕು, ತಿರುಗುವ ಮರದ ಮೇಲೆ ಕೂದಲೆಳೆಯಷ್ಟು ಉಬ್ಬಿದ್ದರೂ ಕಣ್ಣು ಮುಚ್ಚಿ ಹೇಳುತ್ತಿದ್ದ ಬೆರಳು, ಆರು ತಿಂಗಳಿಗೆ ತುದಿಯೆಲ್ಲ ಸತ್ತುಹೋಗುತ್ತದೆ, ಹೇಳು, ಈಗ ಹೇಳು, ತಪ್ಪು ನಂದೇ ಅನ್ನು, ಗೂಡಿನ ನೀರಿಗೆ ಕೈ ಹಾಕಬ್ಯಾಡ, ಇಲ್ಲಿನ ಅಂಗಡಿಗಳಿಗೆ ಬುಗುರಿ ಮಾಡಿಕೊಂಡಾದರೂ ಇಬ್ಬರೂ ಗಂಜಿ ಕುಡಿಯೋಣ ಅನ್ನು, ಬಾಯಿ ತೆರೆದ, ಬಂದ ಮಾತು ಬೇರೆ, ಮಾತುಕತೆ ನಡೀತಾ ಐತಂತೆ ಕಣೋ, ಸುಂಕ ಇಳಿಸ್ತಾನಂತೆ. ವಹಾಬ್ ಗೋಣಿಚೀಲದ ಬಾಯಿ ಬಿಡಿಸಿಕೊಂಡು ಗೋಡೆಯ ಹತ್ತಿರ ಹೋದ. ಅವ್ರದ್ದೇನೂ ತಪ್ಪಿಲ್ಲ ಬುಡಿ ಅಣ್ಣ, ಅವ್ರು ಹೇಳ್ದಂಗೇ ಮಾಡುದ್ರು. ಒಂದು, ಎರಡು, ಮೊಳೆಯಿಂದ ಉಳಿ ತೆಗೆದು ಬಟ್ಟೆ ಸುತ್ತಿ ಚೀಲಕ್ಕೆ ಹಾಕುತ್ತಿದ್ದಾನೆ, ಮೂರು, ನಾಲ್ಕು, ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ, ಐದು, ಆರು, ಏಳನೆಯದಕ್ಕೆ ಇನ್ನೂ ಬಿಸಿಲೇ ಬಂದಿರಲಿಲ್ಲ. ಹೊರಡುವಾಗ ಹಲಗೆಯ ಮೇಲಿನ ಬೊಂಬೆಯನ್ನು ಎತ್ತಿಕೊಂಡು ಟೋಪಿಯ ಅಂಚಿಗೆ ಹೆಬ್ಬೆರಳು ಆಡಿಸಿದ, ಅರಗು ಸರಿಯಾಗಿ ಕೂತಿಲ್ಲ ಅಣ್ಣ, ಎದ್ದೈತೆ, ಆವತ್ತು ಅವಸರ ಮಾಡಿಸ್ಬುಟ್ರಿ, ಅಂದವನು ಅದನ್ನು ಇದ್ದಲ್ಲೇ ಇಟ್ಟ, ಮುಖ ಹೊರಗೆ ಕಾಣುವಂತೆ. ಬತ್ತೀನಿ. ಹ್ಞೂ. ಸ್ಕೂಟರಿನ ಸದ್ದು ತಿರುವಿನವರೆಗೆ ಕೇಳಿಸಿತು. ಮೂವತ್ತು ವರ್ಷದ ಧೂಳು ಹೊಗೆಗೆ ಗೋಡೆ ಕಂದಾಗಿಹೋಗಿದೆ, ಉಳಿ ತೂಗುತ್ತಿದ್ದ ಜಾಗ ಮಾತ್ರ ಹಳೇ ಸುಣ್ಣದ ಬಿಳಿ, ಏಳು ಉಳಿಯ ಆಕಾರ, ಬಿಸಿಲು ಈಗ ಏಳರ ಮೇಲೂ ಇದೆ. ದುಡ್ಡು ಹೋಯಿತು, ಒಂದು ಲಕ್ಷದ ಅರವತ್ತು ಸಾವಿರ, ಅದು ಬರುತ್ತದೆ. ವಹಾಬ್ ಹೋದ. ಗೋಡೆಯ ಮೇಲೆ ಏಳು ಬಿಳಿ ಉಳಿ.