ಬಲಗಡೆಯ ಸೀಟು

ಮುಖ ನೋಡಿದರೆ ಗೊತ್ತಾಗಿಬಿಡುತ್ತದೇನೋ ಎಂಬ ಚಿಂತೆಗೆ ದಾಕ್ಷಾಯಿಣಿ ಮಂಡಕ್ಕಿ ಗಿರಮಿಟ್ಟಿನ ತಟ್ಟೆಯಿಂದ ತಲೆ ಎತ್ತಿರಲಿಲ್ಲ. ಇನ್ನೊಂದು ಯೋಚನೆಯೂ ಇತ್ತು, ಅದನ್ನು ತನಗೆ ತಾನೇ ಹೇಳಿಕೊಳ್ಳಲೂ ನಾಚಿಕೆ: ಮುಖ ನೋಡಿಯೇ ಗೊತ್ತಾಗಿಬಿಟ್ಟರೆ ತಾನು ಬಾಯಿ ತೆರೆಯುವುದಾದರೂ ತಪ್ಪುತ್ತದೆ.

"ಉಳ್ಳಾಗಡ್ಡಿ ಎಣಸಾಕತ್ತೀಯೇನ?" ಎಂದರು ಎದುರು ಕೂತಿದ್ದ ಕ್ಯಾಪ್ಟನ್ ಮಹಾಂತಯ್ಯ. "ತಿನ್ನವಾ, ಆರಿ ಹೋಕ್ಕೈತಿ. ಹಂ, ಇವತ್ತ ಏನರ ಹೇಳೂದೈತೇನ?"

ಪ್ರತಿ ಸಲ ವಿಮಾನದಿಂದ ಇಳಿದು ಬಂದ ಮೇಲೆ ಕೇಳುವ ಪ್ರಶ್ನೆ. ಒಬ್ಬರು ಮಾಡಿದ್ದರಲ್ಲಿ ಇನ್ನೊಬ್ಬರಿಗೆ ಏನು ತಪ್ಪು ಕಂಡಿತೋ ಅದನ್ನು ಹೇಳಿಯೇ ಏಳಬೇಕು, ಅದರಲ್ಲಿ ಹಿರಿಯರು ಕಿರಿಯರು ಎಂಬುದಿಲ್ಲ. ಆ ಪದ್ಧತಿಯನ್ನು ಅವರು ವಿಮಾನ ನಿಲ್ದಾಣದಿಂದ ಗೋಕುಲ ರಸ್ತೆಯ ಈ ಅಂಗಡಿಗೆ ತಂದಿದ್ದರು.

"ಏನಿಲ್ರಿ ಸರ್."

"ಇಳಿಯೂ ಮುಂದ ಧಡಕ್ಕನ ಕೆಳಗ ಜಗ್ಗಿತಲ್ಲ, ಏನ್ ಗಾಳಿ ಮಾರಾಯ್ತಿ! ಗಬ್ಬೂರ ಕಡಿ ನೆಲ ಕಾದಿತ್ತಂದ್ರ ಹಿಂಗ ನೋಡು."

"ಹೌದ್ರಿ" ಎಂದಳು ಅವಳು. ಮಿರ್ಚಿಯ ತೊಟ್ಟು ಮುರಿದಳು.

ಗಾಳಿ ಇರಲಿಲ್ಲ.

ಮಹಾಂತಯ್ಯನವರು ಇಷ್ಟು ವರ್ಷ ಹಾರಿಸಿದ್ದು ಧಣಿಗಳ ಹಳೆಯ ಪಂಖದ ವಿಮಾನ. ಹತ್ತಿ ವ್ಯಾಪಾರದ ಧಣಿ ಈಗ ಅದನ್ನು ಮಾರಿ ಜೆಟ್ ತರಿಸಿದ್ದರು. ಮಹಾಂತಯ್ಯ, ದಾಕ್ಷಾಯಿಣಿ ಇಬ್ಬರೂ ಪರದೇಶಕ್ಕೆ ಹೋಗಿ, ಹೊಸದನ್ನು ಕಲಿತು, ಪರೀಕ್ಷೆ ಪಾಸು ಮಾಡಿ ಬಂದಿದ್ದರು. ಹಳೆಯದರಲ್ಲಿ ರನ್‌ವೇ ಇನ್ನೇನು ಬಂತು ಅನ್ನುವಾಗ ಎಂಜಿನ್ನಿನ ಬಲ ಏರಿಸಿ ಇಳಿಸುವ ಥ್ರಾಟಲಿನ ಪಕ್ಕದಲ್ಲಿದ್ದ ಪಂಖದ ಹಿಡಿಕೆಗಳನ್ನು ಮುಂದಕ್ಕೆ ದೂಡಬೇಕು. ಜೆಟ್ಟಿಗೆ ಪಂಖವೇ ಇಲ್ಲ. ಆ ಜಾಗದಲ್ಲಿರುವುದು ಫ್ಲಾಪಿನ ಹಿಡಿಕೆ. ವೇಗ ತಗ್ಗಿದಾಗಲೂ ವಿಮಾನ ಬೀಳದಂತೆ ಎತ್ತಿ ಹಿಡಿಯಲು ರೆಕ್ಕೆಯ ಹಿಂದೆ ಇಳಿಬಿಡುವ ಹಲಗೆಗಳೇ ಫ್ಲಾಪು. ಹಿಡಿಕೆ ಮುಂದೆ ದೂಡಿದರೆ ಅವು ಒಳಗೆ ಮಡಚಿಕೊಳ್ಳುತ್ತವೆ.

ಇವತ್ತು ಮಧ್ಯಾಹ್ನ ನೆಲ ಹತ್ತಿರವಾದಾಗ ಮಹಾಂತಯ್ಯನವರ ಕಣ್ಣು ರನ್‌ವೇ ಮೇಲಿತ್ತು. ಬಲಗೈ ಮಾತ್ರ ಅವರನ್ನು ಕೇಳದೆ ಪಕ್ಕಕ್ಕೆ ಹೋಗಿ, ಹಿಡಿಕೆಯನ್ನು ಮೆತ್ತಗೆ ಮುಂದೆ ದೂಡಿ, ಥ್ರಾಟಲಿಗೆ ವಾಪಸು ಬಂತು. ವಿಮಾನ ಕುಸಿಯಿತು. ಬಲಗಡೆಯ, ಸಹಪೈಲಟ್ಟಿನ ಸೀಟಿನಲ್ಲಿದ್ದ ದಾಕ್ಷಾಯಿಣಿ ಹಿಡಿಕೆಯನ್ನು ಹಿಂದಕ್ಕೆ ಎಳೆದಳು. ಎಳೆಯುವಾಗ ಕೂಗಿ ಹೇಳಬೇಕಿತ್ತು. ಬಾಯಿಂದ ಹೇಳದೆ ಕೈಯಿಂದ ತಿದ್ದುವುದು ಪೈಲಟ್ಟರ ಆ ಕೋಣೆಯಲ್ಲಿ ಕಳ್ಳತನದ ಲೆಕ್ಕ. ಅವಳ ಕೈಗೆ ಬಂದದ್ದು ಗಂಟಲಿಗೆ ಬರಲಿಲ್ಲ.

ಈಗಲೂ ಬರುತ್ತಿಲ್ಲ. ಹೇಳಿದರೆ ಅವರು ಮುಚ್ಚಿಡುವ ಮನುಷ್ಯರಲ್ಲ, ನೆಟ್ಟಗೆ ಆಫೀಸಿಗೆ ಹೋಗಿ ತಾವೇ ಹೇಳುತ್ತಾರೆ. ಧಣಿಯ ಮಗ ಬಸವಪ್ರಭು ಮೊದಲೇ, "ಅಜ್ಜಾರಿಗೆ ಯಾಕ ಜೆಟ್? ಮಠಕ್ಕ ಹೋಗಾಕೇನು?" ಎಂದು ನಗಾಡಿದ್ದ. ಅವರನ್ನು ಕೆಲಸದಿಂದ ಬಿಡಿಸಿದರೆ ಆಮೇಲೆ ಈ ಎದುರಿನ ಕುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಾರೆ, ಅಥವಾ ಯಾರೂ ಕೂರುವುದಿಲ್ಲ. ಜೊತೆಗೆ ಕಲಿತವರೆಲ್ಲ ದೊಡ್ಡ ಕಂಪನಿಗಳ ವಿಮಾನದಲ್ಲಿ ಊರೂರು ತಿರುಗುತ್ತಿದ್ದರು. ಅವ್ವ ಫೋನಿನಲ್ಲಿ ಗಂಡು ನೋಡುವ ಮಾತು ಬಿಟ್ಟು ಬೇರೆ ಎತ್ತುತ್ತಿರಲಿಲ್ಲ. ರಾಯಾಪುರದ ಬಾಡಿಗೆ ಕೋಣೆಯಲ್ಲಿ ಅವಳು ಕೆಲವು ಸಲ ಕುಕ್ಕರಿನ ಸೀಟಿ ಕೇಳಿ "ಬಂದ್ನಿ" ಎಂದುಬಿಡುತ್ತಿದ್ದಳು. ಇಡೀ ದಿನದಲ್ಲಿ ಒಬ್ಬರು ಎದುರು ಕೂತು "ತಿನ್ನವಾ" ಅನ್ನುವುದೆಂದರೆ ಈ ಮೇಜಿನ ಹತ್ತಿರ ಮಾತ್ರ.

ದಿನದಂತೆ ಮಹಾಂತಯ್ಯ ತಮ್ಮ ಕಾರಿನಲ್ಲಿ ಅವಳನ್ನು ಕೂರಿಸಿಕೊಂಡು ಧಾರವಾಡದ ಹಾದಿ ಹಿಡಿದರು. ಅರ್ಧ ದಾರಿಯಲ್ಲಿ ಫೋನು ಬಂತು. ಇವಳ ನಂತರ, ಜೆಟ್ ಕಲಿತೇ ಸೇರಿದ ಪೈಲಟ್ ಹನುಮೇಶನ ದನಿ ಕಾರಿನ ತುಂಬ ಕೇಳಿತು.

"ಕಾಕಾ, ನಾಳಿ ನಾನೇನ್ರಿ ನಿಮ್ಮ ಜೋಡಿ?"

"ನೀನಪಾ. ಧಣಿ ಸೊಸಿ ಕೂಸಿನ್ನ ಕರಕೊಂಡು ತವರಿಗೆ ಹೊಂಟಾಳು. ದಾಕ್ಷಿಗೆ ನಾಳಿ ವಿಶ್ರಾಂತಿ. ಲಗೂ ಬಾ, ಮಾರಿ ತೊಳಕೊಂಡು ಬಾ."

"ನಿಮ್ಮ ಕೈಯಾಗ ವಿಮಾನ ಇದ್ರ ನನಗೇನ್ ಕೆಲಸ್ರಿ? ಆರಾಮ ಕುಂತು ಕಿಡಕ್ಯಾಗ ನಮ್ಮೂರ ಕೆರಿ ನೋಡ್ಕೋತ ಬರ್ತೇನಿ!"

"ಮಗನ, ಕೆರಿ ನೋಡಾಕ ನಿನಗ ಪಗಾರ ಕೊಡತಾರು" ಎಂದು ನಕ್ಕು ಮಹಾಂತಯ್ಯ ಫೋನು ಇಟ್ಟರು. ನಗು ಇಳಿದ ಮೇಲೆ ತಮ್ಮಷ್ಟಕ್ಕೆ ಎಂಬಂತೆ, "ಖರೇ ಹೇಳಲೇನ ದಾಕ್ಷಿ? ಈ ವಯಸ್ಸಿನ್ಯಾಗ ಹೊಸಾದು ಕೈಗೆ ಹತ್ತತೈತೋ ಇಲ್ಲೋ ಅಂತ ಭಾಳ ಅಂಜಿದ್ದೆ. ಹತ್ತಿತು ನೋಡು. ಮನ್ಯಾಗೂ ಹೇಳೇನಿ, ಹತ್ತಿತು ಅಂತ" ಎಂದರು.

ಅವಳು ಹೊರಗೆ ನೋಡಿದಳು. ನಾಳೆ ಆ ಹಿಡಿಕೆಯ ಹತ್ತಿರ ತನ್ನ ಕೈ ಇರುವುದಿಲ್ಲ. ಹನುಮೇಶ ಕೆರೆ ನೋಡುತ್ತಿರುತ್ತಾನೆ. ಹಿಂದಿನ ಸೀಟಿನಲ್ಲಿ ಕೂಸು ಮಲಗಿರುತ್ತದೆ.

ರಾಯಾಪುರ ಬಂತು. "ಬರ್ತೇನ್ರಿ ಸರ್" ಎಂದು ಇಳಿದಳು. ಬಾಗಿಲು ಹಾಕಿಕೊಂಡಿತು. ಖಾಲಿಯಾದ ಸೀಟಿನ ಮೇಲೆ ಮಹಾಂತಯ್ಯ ತಮ್ಮ ಟೋಪಿ ಇಟ್ಟು, ಕೈ ಎತ್ತಿ, ಗಾಡಿ ಬಿಟ್ಟರು. ಅವಳು ಎರಡು ಹೆಜ್ಜೆ ಓಡಿ ಗಾಜು ಬಡಿದಳು. ಕಾರು ನಿಂತಿತು. ಗಾಜು ಇಳಿಯಿತು.

"ಏನ ಮರತಿ?"

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸೊಂದು ಸದ್ದು ಮಾಡುತ್ತ ಹಾದುಹೋಯಿತು. ಅದು ಹೋಗುವವರೆಗೆ ಕಾಯಬಹುದಿತ್ತು. ಅವಳು ಕಾಯಲಿಲ್ಲ, ಸದ್ದಿನ ಮೇಲೆಯೇ ಹೇಳಿದಳು. ತನ್ನ ದನಿ ಅಷ್ಟು ದೊಡ್ಡದಿದೆ ಎಂದು ಅವಳಿಗೂ ಗೊತ್ತಿರಲಿಲ್ಲ.

"ಸರ್, ಇಳಿಯೂ ಮುಂದ ನೀವು ಫ್ಲಾಪಿನ ಹಿಡಿಕಿ ಮುಂದ ದೂಡಿದ್ರಿ. ನಾ ಅದನ್ನ ಹಿಂದಕ್ಕ ಎಳದ್ನಿ."

ಮಹಾಂತಯ್ಯ ಅವಳನ್ನೇ ನೋಡಿದರು. ಎಂಜಿನ್ನು ಬಂದ್ ಮಾಡಿದರು. ಆಮೇಲೆ ಸೀಟಿನ ಮೇಲಿನ ಟೋಪಿ ತೆಗೆದು ಹಿಂದೆ ಇಟ್ಟು, ಬಗ್ಗಿ, ಒಳಗಿನಿಂದ ಅವಳ ಕಡೆಯ ಬಾಗಿಲು ತೆರೆದರು.