ಗಂಟೆ ಗೋಪುರದ ಹಿಂದಿನ ಹಿತ್ತಲು

ನಮ್ಮ ಲಾವಾಗ್‌ನ ಗಂಟೆ ಗೋಪುರ ನೆಲದೊಳಗೆ ಇಳಿಯುತ್ತಿದೆಯೆಂದು ಊರಿಗೆಲ್ಲ ಗೊತ್ತು. ಹಿಂದೆ ಅದರ ಬಾಗಿಲಲ್ಲಿ ಕುದುರೆಯ ಮೇಲೆ ಕೂತೇ ನೇರ ಒಳಹೋಗುತ್ತಿದ್ದರಂತೆ. ಈಗ ಆ ಬಾಗಿಲಲ್ಲಿ ನಾವು ನಡು ಬಗ್ಗಿಸಬೇಕು. ಆದರೆ ಇಳಿದದ್ದು ಗೋಪುರವೋ, ಏರಿದ್ದು ನೆಲವೋ ಎಂದು ಕೇಳುತ್ತಿದ್ದವಳು ಯೂಫ್ರೊಸಿನಾ ಒಬ್ಬಳೇ.

ಗೋಪುರದ ಹಿಂದಿನ ಬೀದಿಯಲ್ಲಿ ಅವಳ ಮನೆ. ಬಾಗಿಲ ಮುಂದೆ ಬಾಣಲೆಯಿಟ್ಟು ಎಂಪನಾಡ ಕರಿದು ಮಾರುತ್ತಾಳೆ. ಅಕ್ಕಿಹಿಟ್ಟಿನ ಕರಿಗಡುಬು, ಒಳಗೆ ಪಪ್ಪಾಯಿಕಾಯಿ ತುರಿ, ಬೆಳ್ಳುಳ್ಳಿ ಹಾಕಿದ ಹಂದಿಮಾಂಸ, ಒಂದು ಮೊಟ್ಟೆ. ಗಿರಾಕಿ ಯಾರೇ ಬರಲಿ, ಅದು ಬೇಯುವ ತನಕ ಈ ಪ್ರಶ್ನೆಗೆ ಉತ್ತರ ಹೇಳಬೇಕು.

"ಅಷ್ಟು ಭಾರದ ಗೋಪುರ, ಕೆಳಗೆ ಬರೀ ಮರಳು. ಇಳೀದೆ ಹಾರುತ್ತಾ?" ಎನ್ನುತ್ತಿದ್ದ ಅವಳ ಅಣ್ಣ ಇಲ್ಡೆಫೊನ್ಸೊ.

"ಹಾಗಾದ್ರೆ ರಸ್ತೆಯಾಚೆ ಇಗರ್ಜಿ ಯಾಕೆ ಇಳೀಲಿಲ್ಲ, ಮನೋಂಗ್? ಅದನ್ನೇನು ಹತ್ತೀಲಿ ಕಟ್ಟಿದ್ರಾ?"

"ನಿನ್ನ ಬಾಣಲೆ ನೋಡ್ಕೊಳ್ಳೇ, ಸೀದುಹೋಗ್ತಿದೆ."

ಮಳೆಗಾಲ ಮುಗಿದ ಮೇಲೆ ಅವಳು ಹಿತ್ತಲಲ್ಲಿ ಕಕ್ಕಸಿನ ಗುಂಡಿ ತೋಡಿಸಿದಳು. ಎದೆಮಟ್ಟಕ್ಕೆ ಬರುವಷ್ಟರಲ್ಲಿ ಹಾರೆ ಠಣ್ಣೆಂದಿತು. ಮಣ್ಣು ಸರಿಸಿ ನೋಡಿದರೆ ಕೆಂಪು ಇಟ್ಟಿಗೆಯ ನೆಲ, ತುಳಿದು ತುಳಿದು ನಡು ಸವೆದ ಹೊಸ್ತಿಲು, ಮಸಿ ಹಿಡಿದ ಒಲೆ. ಅವುಗಳ ಮೇಲಕ್ಕೆ, ಗುಂಡಿಯ ಬದಿಗಳಲ್ಲೆಲ್ಲ, ಪದರ ಪದರವಾಗಿ ಹೊಳೆಯ ಮರಳು.

"ಒಡೆದುಬಿಡೋಣ್ವಾ, ಮನಾಂಗ್?" ಎಂದು ಅಕ್ಕನನ್ನು ಕೇಳಿದರು ಕೆಲಸದವರು.

"ಹಾರೆ ಮುಟ್ಟಿದ್ರೆ ಕೈ ಮುರೀತೀನಿ!"

ಅರವತ್ತು ದಾಟಿದ ಹೆಂಗಸು ಏಣಿ ತರಿಸಿ ತಾನೇ ಇಳಿದಳು. ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ನಿಂತಳು. ಕಲ್ಲು ತಣ್ಣಗಿತ್ತು. ಇಲ್ಲಿ ಯಾರೋ ಅನ್ನ ಬೇಯಿಸಿದ್ದಾರೆ. ಪಾದ್ಸನ್ ಹೊಳೆ ಉಕ್ಕಿದಾಗ ಓಡಿದ್ದಾರೆ. ಮರಳಿ ಬಂದು, ಮರಳು ತೆಗೆಯಲಾರದೆ, ಅದರ ಮೇಲೇ ಮತ್ತೆ ಒಲೆ ಹೂಡಿದ್ದಾರೆ. ಅವಳಿಗೆ ಹಾಗೆ ತೋರಿತು. ಯಾರವರು? ತಮ್ಮವರೇನಾ?

"ನೋಡಿದ್ಯಾ ಮನೋಂಗ್? ಏರಿದ್ದು ನೆಲಾನೇ!"

ಮೇಲೆ ನಿಂತಿದ್ದ ಇಲ್ಡೆಫೊನ್ಸೊ ಗುಂಡಿಯ ಅಂಚಿನಿಂದ ಬಗ್ಗಿ ನೋಡಿದ. "ನಿನ್ನ ಹಿತ್ತಲು ಏರಿರಬಹುದು. ಗೋಪುರ ಇಳೀಲಿಲ್ಲ ಅಂತ ಯಾರು ಹೇಳಿದ್ರು?"

"ಅದೂ ಹೌದು. ಎರಡೂ ಆಗಿರಬಹುದಲ್ವಾ?" ಎಂದಳು, ಬೇಸರವಿಲ್ಲದೆ.

ಅಷ್ಟರಲ್ಲಿ ಅಣ್ಣ ಏಣಿ ಹಿಡಿದು ಇಳಿಯತೊಡಗಿದ್ದ. ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಇಟ್ಟಿಗೆಗಳನ್ನು ಬೆರಳಿನಿಂದ ತಟ್ಟಿದ. ಕಿವಿಯಿಟ್ಟು ಕೇಳಿದ. ಊಟಕ್ಕೆ ಕರೆದರೂ ಮೇಲೆ ಬರಲಿಲ್ಲ.

"ತಾಳೇ, ಟೊಳ್ಳು ಸದ್ದು ಬರ್ತಿದೆ. ಇದರ ಕೆಳಗೆ ಇನ್ನೊಂದು ನೆಲ ಇರೋ ಹಾಗಿದೆ!"

ಕಕ್ಕಸಿಗೆ ಬೇರೆ ಜಾಗ ಹುಡುಕಬೇಕಾಯಿತು.